ಹಬ್ಬದ ಮನೆಯ ಅಲಂಕಾರವೂ ಯಥಾಶಕ್ತಿಯ ಅರ್ಥವೂ



ಚೈತ್ರ ಶುದ್ಧ ತೃತೀಯೆಯಿಂದ ಅಕ್ಷಯ ತೃತೀಯೆಯವರೆಗೆ ಹುಬ್ಬಳ್ಳಿ-ಧಾರವಾಡದ ನಮ್ಮ ಮನೆಗಳಲ್ಲಿ ಚೈತ್ರಗೌರಿಯು ತೊಟ್ಟಿಲಲ್ಲಿ ವಿರಾಜಿಸುವಳು. ಆ ಒಂದು ತಿಂಗಳಲ್ಲಿ ಯಾವುದಾದರೊಂದು ಸಂಜೆ ಸುವಾಸಿನಿಯರನ್ನು ಕರೆದು, ಅರಿಷಿಣ-ಕುಂಕುಮ ಕೊಟ್ಟು, ನೆನೆಗಡಲೆಯಿಂದ ಉಡಿ ತುಂಬಿ, ಕೋಸಂಬರಿ-ಪಾನಕಗಳನ್ನು ಕೊಟ್ಟು ಕಳಿಸುವುದು ಬಹುಕಾಲದ ಪದ್ಧತಿ. ಈಚಿನ ವರ್ಷಗಳಲ್ಲಿ ಪ್ರವಚನ ಮುಗಿದ ಮೇಲೆ ಕೆಲವು ತಾಯಂದಿರು ಮೆಲುದನಿಯಲ್ಲಿ ಒಂದು ಮಾತು ಹೇಳುತ್ತಾರೆ: “ಆಚಾರ್ಯರೇ, ಈ ವರ್ಷ ಗೌರಿಯನ್ನು ಕೂಡ್ರಿಸಿದ್ದೇವೆ, ಆದರೆ ಯಾರನ್ನೂ ಕರೆದಿಲ್ಲ. ಆಚೀಚೆ ಮನೆಯವರಂತೆ ಅಲಂಕಾರ ಮಾಡಿಸುವುದು ನಮಗೆ ಆಗುವುದಿಲ್ಲ.” ದೇವರು ಮನೆಗೆ ಬಂದಿದ್ದಾಳೆ, ಮನುಷ್ಯರಿಗೆ ಮಾತ್ರ ಬಾಗಿಲು ಮುಚ್ಚಿದೆ. ಬಡತನವು ಬಾಗಿಲು ಮುಚ್ಚಿಸಿದ್ದಲ್ಲ, ನಾಚಿಕೆಯು ಮುಚ್ಚಿಸಿದ್ದು. ಈ ನಾಚಿಕೆಗೆ ಶಾಸ್ತ್ರದಲ್ಲಿ ಆಧಾರವುಂಟೇ ಎಂಬುದನ್ನು ವಿಚಾರಿಸೋಣ.

ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಶ್ರೀಕೃಷ್ಣನು ಉದ್ಧವನಿಗೆ ಭಕ್ತನ ಲಕ್ಷಣಗಳನ್ನೂ ಭಕ್ತಿಯ ಸಾಧನಗಳನ್ನೂ ಹೇಳುತ್ತಾನೆ. ಅಲ್ಲಿ ತನ್ನ ಕಥಾಶ್ರವಣ, ಧ್ಯಾನ, ಪರ್ವದಿನಗಳ ಉತ್ಸವ ಇವುಗಳ ಜೊತೆಗೇ ದೇವರ ಮನೆಯನ್ನು ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು, ಮಂಡಲ ಬರೆಯುವುದು ಎಂಬ ನಾಲ್ಕನ್ನು ಹೆಸರಿಸುತ್ತಾನೆ. ಸಮ್ಮಾರ್ಜನ, ಉಪಲೇಪನ, ಸೇಚನ, ಮಂಡಲವರ್ತನ ಎಂದು ಪಂಡಿತರು ಹೇಳುವ ಇವೇ ನಮ್ಮ ಅಜ್ಜಿಯರ ಬಾಯಲ್ಲಿ ಕಸ, ಸಾರಣೆ, ಥಳಿ, ರಂಗವಲ್ಲಿ ಆದವು. ಯಾವುದನ್ನು ನಾವು ಬೆಳಗಿನ ಮನೆಗೆಲಸವೆಂದು ಎಣಿಸಿದ್ದೇವೆಯೋ ಅದನ್ನು ಸ್ವಾಮಿಯು ತನ್ನ ಸೇವೆಯೆಂದು ಎಣಿಸಿದ್ದಾನೆ. ಅದನ್ನು ಹೇಗೆ ಮಾಡಬೇಕೆಂಬುದನ್ನೂ ಅಲ್ಲಿಯೇ ಹೇಳಿದ್ದಾನೆ: ದಾಸನು ಒಡೆಯನ ಮನೆಯಲ್ಲಿ ಮಾಡುವಂತೆ, ಕಪಟವಿಲ್ಲದೆ. ಮುಂದುವರಿದು ಅಭಿಮಾನ ಬೇಡ, ಡಂಭ ಬೇಡ, ಮಾಡಿದ್ದನ್ನು ಹೇಳಿಕೊಳ್ಳುವುದೂ ಬೇಡ ಎನ್ನುತ್ತಾನೆ. ಗೌರಿಯ ಮುಂದೆ ಆರತಿ ಬೆಳಗುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದು ಹತ್ತು ಊರಿಗೆ ಕಳಿಸುವ ನಮ್ಮ ಕಾಲಕ್ಕೆ ಈ ಕೊನೆಯ ಮಾತು ಎಷ್ಟು ನೇರವಾಗಿ ತಗಲುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಬಡವರನ್ನು ಸಮಾಧಾನಪಡಿಸಲು ಹೇಳಿದ ಮಾತೆಂದು ತಿಳಿಯಬಾರದು. ಅದೇ ಭಾಗವತದ ನವಮಸ್ಕಂಧದಲ್ಲಿ ಅಂಬರೀಷ ಮಹಾರಾಜನ ಕಥೆಯುಂಟು. ಅವನು ಸಪ್ತದ್ವೀಪಗಳ ಒಡೆಯ, ಕರೆದರೆ ಓಡಿಬರುವ ಆಳುಗಳು ಅಸಂಖ್ಯ. ಅಂಥವನು ಮನಸ್ಸನ್ನು ಕೃಷ್ಣನ ಪಾದಗಳಲ್ಲಿಟ್ಟು, ಮಾತನ್ನು ಅವನ ಗುಣವರ್ಣನೆಯಲ್ಲಿಟ್ಟು, ಕೈಗಳನ್ನು ಎಲ್ಲಿಟ್ಟನು? ಹರಿಮಂದಿರವನ್ನು ಗುಡಿಸುವುದರಲ್ಲಿ. ಹಣ ಕೊಟ್ಟು ಮಾಡಿಸಬಲ್ಲವನು ಸ್ವಹಸ್ತದಿಂದ ಮಾಡಿದನೆಂಬುದೇ ಅಲ್ಲಿನ ಸ್ವಾರಸ್ಯ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. “ಕಡಿಮೆ ಖರ್ಚಿನಲ್ಲಿ ಹಬ್ಬ” ಎಂಬ ಮಾತನ್ನು ಕೇಳಿದೊಡನೆ ಕೆಲವು ಮಹನೀಯರು ಸಂತೋಷಪಡುವುದನ್ನು ಕಂಡಿದ್ದೇನೆ. ಅವರಿಗೆ ಶಾಸ್ತ್ರದಲ್ಲಿ ಇನ್ನೊಂದು ಶಬ್ದವೂ ಇದೆಯೆಂದು ನೆನಪಿಸಬೇಕು: ವಿತ್ತಶಾಠ್ಯ. ಇದ್ದೂ ದೇವರಿಗೆ ಕೈ ಹಿಡಿಯುವುದೇ ವಿತ್ತಶಾಠ್ಯ. ಅಷ್ಟಮಸ್ಕಂಧದಲ್ಲಿ ಕಶ್ಯಪರು ಅದಿತಿದೇವಿಗೆ ಫಾಲ್ಗುನಮಾಸದ ಹನ್ನೆರಡು ದಿನಗಳ ಪಯೋವ್ರತವನ್ನು ಉಪದೇಶಿಸುವಾಗ, ಪೂಜೆಯನ್ನು ದೊಡ್ಡದಾಗಿಯೇ ಮಾಡು, ವಿತ್ತಶಾಠ್ಯವನ್ನು ಬಿಡು ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಹಾಗಾದರೆ ಯಥಾಶಕ್ತಿಯೆಂಬುದಕ್ಕೆ ಎರಡು ಅಂಚುಗಳು. ಶಕ್ತಿಯನ್ನು ಮೀರಬಾರದು, ಶಕ್ತಿಯನ್ನು ಬಚ್ಚಿಡಲೂಬಾರದು. ಸಾಲ ಮಾಡಿ ಮಂಟಪ ಕಟ್ಟಿಸಿದವನು ಒಂದಂಚಿನಿಂದ ಬಿದ್ದರೆ, ಬ್ಯಾಂಕಿನಲ್ಲಿ ಠೇವಣಿಯಿಟ್ಟು ದೇವರಿಗೆ ಹಳಸಿದ ಹೂವೇರಿಸಿದವನು ಇನ್ನೊಂದಂಚಿನಿಂದ ಬಿದ್ದನು.

ಉಳಿದ ಹಣ ಎಲ್ಲಿಗೆ ಹೋಗಬೇಕೆಂಬುದಕ್ಕೂ ಪಯೋವ್ರತದ ಪ್ರಕರಣದಲ್ಲಿಯೇ ಉತ್ತರವಿದೆ. ವ್ರತದ ಕೊನೆಯಲ್ಲಿ ಆಚಾರ್ಯರಿಗೂ ಋತ್ವಿಜರಿಗೂ ದಕ್ಷಿಣೆ ಕೊಟ್ಟು, ನೆರೆದ ಎಲ್ಲರಿಗೂ ಅನ್ನವಿಕ್ಕಿ, ದೀನರು, ಕುರುಡರು, ಗತಿಯಿಲ್ಲದವರು ಉಂಡ ಮೇಲೆ ತಾನು ಬಂಧುಗಳೊಡನೆ ಉಣ್ಣಬೇಕು. ಒಂದು ಸಂಜೆಗೆಂದು ಬಾಡಿಗೆಗೆ ತಂದು ಮರುದಿನ ಬಿಚ್ಚಿಕೊಂಡು ಹೋಗುವ ಹೂವಿನ ಕಮಾನಿನ ಹಣದಲ್ಲಿ ಎಷ್ಟು ಎಲೆ ಹಾಕಬಹುದೆಂಬ ಲೆಕ್ಕವನ್ನು ಯಜಮಾನರೇ ಮಾಡಿಕೊಳ್ಳಲಿ.

ಶಕ್ತಿ ಎಷ್ಟು ಸಣ್ಣದಾದರೆ ಸ್ವಾಮಿ ಒಪ್ಪುವನೆಂಬ ಪ್ರಶ್ನೆಗೆ ಕುಚೇಲನ ಕಥೆಯುಂಟು. ಎಲ್ಲರೂ ಬಲ್ಲರು, ಆದರೆ ಅದರಲ್ಲಿ ನಾವು ಮರೆಯುವ ಒಂದು ಪಾತ್ರವಿದೆ. ಮನೆಯಲ್ಲಿ ಏನೂ ಇಲ್ಲದಾಗ ನೆರೆಹೊರೆಯ ಬ್ರಾಹ್ಮಣರ ಮನೆಗಳಲ್ಲಿ ಬೇಡಿ ನಾಲ್ಕು ಮುಷ್ಟಿ ಅವಲಕ್ಕಿ ತಂದು, ಹಳೆಯ ಬಟ್ಟೆಯ ತುಣುಕಿನಲ್ಲಿ ಗಂಟು ಕಟ್ಟಿ ಕೊಟ್ಟವಳು ಅವನ ಹೆಂಡತಿ. ಭಾಗವತವು ಅವಳ ಹೆಸರನ್ನೂ ಹೇಳುವುದಿಲ್ಲ. ದ್ವಾರಕೆಯ ವೈಭವವನ್ನು ಕಂಡು ಕುಚೇಲನು ನಾಚಿ ಗಂಟನ್ನು ಮುಚ್ಚಿಟ್ಟುಕೊಂಡನು. ಶ್ರೀಕೃಷ್ಣನು ತಾನೇ ಎಳೆದು ಬಿಚ್ಚಿ ಒಂದು ಮುಷ್ಟಿ ತಿಂದನು. ಚೈತ್ರಗೌರಿಗೆ ಯಾರನ್ನೂ ಕರೆಯದ ತಾಯಿಯ ನಾಚಿಕೆಯೂ ಕುಚೇಲನ ನಾಚಿಕೆಯೂ ಒಂದೇ ಜಾತಿಯವು. ಅವನು ಗಂಟನ್ನು ಮುಚ್ಚಿದನು, ಇವಳು ಬಾಗಿಲನ್ನು ಮುಚ್ಚಿದಳು.

ಇನ್ನು ಕೈಯಿಂದ ಮಾಡುವ ಅಲಂಕಾರದ ವಿಷಯ. ನಮ್ಮ ನಾಡಿನಲ್ಲಿ ಇದಕ್ಕೆ ಕೊರತೆಯೇ ಇಲ್ಲ, ಕೊರತೆಯಿರುವುದು ನೆನಪಿಗೆ. ಗೌರಿಯ ಹಿಂದಿನ ಮೆಟ್ಟಿಲುಗಳಿಗೆ ಪೆಟ್ಟಿಗೆ, ಮಣೆಗಳನ್ನು ಒಂದರ ಮೇಲೊಂದಿಟ್ಟು, ತಾಯಿಯ ಮದುವೆಯ ಇಳಕಲ್ ಸೀರೆಯನ್ನು ಹಾಸಿದರೆ ಅದಕ್ಕಿಂತ ಶೋಭೆಯ ಪೀಠ ಯಾವುದು? ಧಾರವಾಡ ಸೀಮೆಯ ಕಸೂತಿಯಲ್ಲಿ ತೇರು, ಗೋಪುರ, ಆನೆ, ನವಿಲು, ತೊಟ್ಟಿಲು, ತುಳಸಿ ಬೃಂದಾವನ ಎಲ್ಲವೂ ಇವೆ. ನೂಲಿನ ಎಳೆಗಳನ್ನೆಣಿಸಿ, ಗಂಟು ಹಾಕದೆ ಹೊಲಿಯುವ ಈ ಕಲೆಯಲ್ಲಿ ಗವಂತಿ, ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ತೆರನಾಗಿ ಕಾಣುವುವು. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿದ ಕೌದಿ, ಬಂದವರಿಗೆ ಹಾಸಲು ನವಲಗುಂದದ ಜಮಖಾನೆ ಇವು ಎಷ್ಟೋ ಮನೆಗಳ ಟ್ರಂಕಿನಲ್ಲಿ ಮಡಿಚಿಟ್ಟಲ್ಲಿಯೇ ಇವೆ.

ನಮ್ಮದು ಎರೆಮಣ್ಣಿನ, ಹತ್ತಿಯ ನಾಡು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಸಂಘವು ಕೈನೂಲಿನ ಬಟ್ಟೆಯಿಂದ ದೇಶದ ಧ್ವಜವನ್ನೇ ಸಿದ್ಧಪಡಿಸುತ್ತ ಬಂದಿದೆ. ಅಂಥ ಊರಿನ ಮನೆಗಳಲ್ಲಿ ಗೆಜ್ಜೆವಸ್ತ್ರವನ್ನೂ ಹೂಬತ್ತಿಯನ್ನೂ ಅಂಗಡಿಯಿಂದ ಪೊಟ್ಟಣ ಕಟ್ಟಿಸಿ ತರುವುದು ಅಷ್ಟೇನೂ ಶೋಭಿಸದು. ಹತ್ತಿಯನ್ನು ಬಿಡಿಸಿ, ಕಸ ತೆಗೆದು, ಬೆರಳಿನಿಂದ ಹೊಸೆಯುತ್ತ ದೇವರನಾಮ ಹೇಳುವ ಹಿರಿಯರು ಮನೆಯಲ್ಲಿದ್ದರೆ, ಸಂಜೆಯ ಒಂದು ತಾಸಿಗೆ ಮೊಮ್ಮಕ್ಕಳನ್ನು ಅವರ ಪಕ್ಕದಲ್ಲಿ ಕೂಡ್ರಿಸಿರಿ. ಲಕ್ಷಬತ್ತಿಯ ಸಂಕಲ್ಪ ಮಾಡಿದ ಮನೆಗಳಲ್ಲಿ ಹೀಗೆಯೇ ಎಷ್ಟೋ ಹಾಡುಗಳು ಉಳಿದುಬಂದವು.

ಕಾರ್ತೀಕಮಾಸಕ್ಕೆ ದಾಮೋದರನು ನಿಯಾಮಕ. ಅವನ ಪ್ರೀತ್ಯರ್ಥವಾಗಿ ಎತ್ತರದಲ್ಲಿ ಹಚ್ಚುವ ಆಕಾಶದೀಪವೇ ನಮ್ಮ ಮಕ್ಕಳ ಆಕಾಶಬುಟ್ಟಿಗೆ ಮೂಲವೆಂಬುದನ್ನು ಅವರಿಗೆ ಹೇಳಿ ಕೊಡಬೇಕು. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮನೆಯಲ್ಲಿಯೇ ಕುದಿಸಿದ ಹಿಟ್ಟಿನ ಅಂಟು ಇಷ್ಟೇ ಸಾಕು. ಒಂದು ಮೂಲೆ ಸೊಟ್ಟಗಾದರೂ ದಾಮೋದರನು ತಪ್ಪು ಹಿಡಿಯುವವನಲ್ಲ. ಅವನೇ ಹಗ್ಗಕ್ಕೆ ಎರಡು ಅಂಗುಲ ಕಡಿಮೆ ಮಾಡಿ ಯಶೋದೆಯನ್ನು ದಣಿಸಿದವನು. (ಮಡಿಯ ಕೆಲಸಗಳಲ್ಲಿ ಮಕ್ಕಳನ್ನು “ಮುಟ್ಟಬೇಡ” ಎಂದು ದೂರವಿಡುವುದು ಅನಿವಾರ್ಯ. ಮುಟ್ಟಬಹುದಾದ ಕೆಲಸವನ್ನೂ ಹುಡುಕಿ ಕೊಡದಿದ್ದರೆ ಹಬ್ಬವೆಂದರೆ ಗದರಿಕೆಯೆಂದೇ ಅವರು ತಿಳಿಯುವರು.)

ಉತ್ಥಾನದ್ವಾದಶಿಯ ತುಳಸೀವಿವಾಹಕ್ಕೆ ಕಬ್ಬಿನ ಮಂಟಪ, ಕಾಯಿಯಿರುವ ನೆಲ್ಲಿಯ ಟೊಂಗೆ, ಹುಣಿಸೆಯ ಟೊಂಗೆ, ನೆಲ್ಲಿಕಾಯಿಯ ತಲೆ ಕೊರೆದು ತುಪ್ಪದ ಬತ್ತಿಯಿಟ್ಟ ಆರತಿ. ಇದಕ್ಕೆ ಮೇಲಾದ ಅಲಂಕಾರವನ್ನು ಯಾವ ಗುತ್ತಿಗೆದಾರನೂ ಮಾಡಿಕೊಡಲಾರ. ಚಾತುರ್ಮಾಸ್ಯದಲ್ಲಿ ಗೋಪದ್ಮವ್ರತ ಹಿಡಿದವರು ದಿನವೂ ಮೂವತ್ತಮೂರು ಪದ್ಮಗಳನ್ನು ಬರೆಯುವರು. ಅದಕ್ಕೆ ಬೇಕಾದದ್ದು ಒಂದು ಹಿಡಿ ರಂಗವಲ್ಲಿ ಮತ್ತು ಬಾಗಲು ಒಪ್ಪುವ ಬೆನ್ನು.

ಪ್ಲಾಸ್ಟಿಕ್ ಹೂವಿನ ವಿಷಯವಾಗಿ ಎರಡು ಮಾತು. ಅದು ಬಾಡುವುದಿಲ್ಲ, ಪ್ರತಿವರ್ಷ ಬರುತ್ತದೆ, ಆದ್ದರಿಂದ ಮಿತವ್ಯಯವೆಂದು ವಾದಿಸುವವರುಂಟು. ಬಾಗಿಲಿಗೆ ಕಟ್ಟಿಕೊಳ್ಳುವವರೊಡನೆ ಜಗಳವಾಡಲಾರೆ. ಆದರೆ ದೇವರ ಮುಂದೆ ಅದು ಸಲ್ಲದು. ಗಂಧವಿಲ್ಲದ್ದು, ಬಾಡದ್ದು, ನಿರ್ಮಾಲ್ಯವಾಗದ್ದು ಸಮರ್ಪಿತವಾಯಿತೆಂದು ಹೇಳುವುದು ಹೇಗೆ? ಕೊಟ್ಟ ವಸ್ತುವು ನಮ್ಮ ಕೈಬಿಟ್ಟು ಹೋಗಬೇಕು. ಒಂದು ದಳ ತುಳಸಿ ಆ ಕೆಲಸವನ್ನು ಮಾಡುತ್ತದೆ. ಥರ್ಮೋಕೋಲಿನ ಮಂಟಪಗಳ ವಾದವಂತೂ ಮುಗಿದೇ ಹೋಗಿದೆ. 2022ರ ಜುಲೈ 1ರಿಂದ ಅಲಂಕಾರಕ್ಕೆ ಥರ್ಮೋಕೋಲಿನ ಬಳಕೆಯನ್ನು ದೇಶದಾದ್ಯಂತ ಸರಕಾರವೇ ನಿಷೇಧಿಸಿದೆ. ಗಣಪತಿಗೂ ಮಣ್ಣೇ ಪ್ರಶಸ್ತ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಣ್ಣಿನಲ್ಲಿ ಮಾಡಿ ಪೂಜಿಸುವ ನಾಡಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಉಡುಪಿಯ ಕೃಷ್ಣನೇ ಹಡಗಿನಲ್ಲಿ ಗೋಪೀಚಂದನದ ಗಡ್ಡೆಯೊಳಗೆ ಅಡಗಿ ಬಂದನೆಂದು ನಮ್ಮ ಸಂಪ್ರದಾಯವು ಹೇಳುತ್ತದೆ. ಹಡಗಿನಲ್ಲಿ ಬೆಲೆಬಾಳುವ ಸರಕು ಎಷ್ಟೋ ಇರಲು, ಶ್ರೀಮದಾಚಾರ್ಯರು ಕೇಳಿ ಪಡೆದದ್ದು ಆ ಮಣ್ಣಿನ ಗಡ್ಡೆಯನ್ನು.

ಮಕ್ಕಳ ಹುಟ್ಟುಹಬ್ಬವೂ ಹಾಲ್ ಬಾಡಿಗೆಯ ಸಮಾರಂಭವಾಗುತ್ತಿದೆ. ನಮ್ಮ ವರ್ಧಂತಿಯ ವಿಧಿ ಏನು? ಜನ್ಮತಿಥಿಯಂದು ಎಣ್ಣೆ ಹಚ್ಚಿ ಎರೆದು, ಮಾರ್ಕಂಡೇಯನನ್ನೂ ಸಪ್ತಚಿರಂಜೀವಿಗಳನ್ನೂ ಪೂಜಿಸಿ, ಎಳ್ಳು-ಬೆಲ್ಲ ಬೆರೆಸಿದ ಹಾಲನ್ನು ಕುಡಿಸಿ, ಹಿರಿಯರಿಂದ ಆಶೀರ್ವಾದ ಮಾಡಿಸುವುದು. ಕೇಕಿನ ಮೇಲೆ ದೀಪವನ್ನು ಊದಿ ಆರಿಸುವ ಮಗುವಿಗೆ ಅದೇ ದಿನ ಮನೆಯಲ್ಲಿ ದೀಪ ಹಚ್ಚಿ ಆರತಿ ಮಾಡುವ ಭಾಗ್ಯವಾದರೂ ಇರಲಿ. ಮದುವೆ-ಮುಂಜಿವೆಗಳಲ್ಲಿ ಧ್ವನಿವರ್ಧಕದ ಅಬ್ಬರದ ನಡುವೆ ಶ್ರೀವಾದಿರಾಜರ ಲಕ್ಷ್ಮೀಶೋಭಾನವನ್ನು ಪೂರ್ತಿಯಾಗಿ ಹಾಡಬಲ್ಲ ನಾಲ್ವರು ಹೆಂಗಸರು ಸಿಕ್ಕರೆ, ಆ ಮಂಟಪವು ಅಲಂಕೃತವಾಯಿತೆಂದೇ ತಿಳಿಯಿರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವನವರು ಮನೆಯ ಹೆಂಗಸರು ಹಾಡಲೆಂದು ಎಷ್ಟೋ ಹಾಡುಗಳನ್ನು ಕಟ್ಟಿಕೊಟ್ಟು ಹೋಗಿದ್ದಾರೆ. ಅವುಗಳಿಗೆ ಕಾಸಿನ ಖರ್ಚಿಲ್ಲ, ಕಂಠವೊಂದು ಬೇಕು.

ಇಷ್ಟು ಹೇಳಿ ಒಂದು ನ್ಯಾಯದ ಮಾತನ್ನು ಆಡದಿದ್ದರೆ ಪ್ರವಚನವೇ ಕಪಟವಾದೀತು. ಕೈಯಿಂದ ಮಾಡಿದ್ದು ಅಗ್ಗವೆಂದು ಪುರುಷರು ಸುಲಭವಾಗಿ ಹೇಳುತ್ತಾರೆ. ಯಾರ ಕೈ? ಬ್ಯಾಂಕಿನ ಕೆಲಸ ಮುಗಿಸಿ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ನಿಂತು ಬರುವ ಸೊಸೆಯು ರಾತ್ರಿ ಹತ್ತಕ್ಕೆ ಕುಳಿತು ಬತ್ತಿ ಹೊಸೆಯಬೇಕೆಂದರೆ, ಅದು ಹಣದ ಸಾಲವನ್ನು ತಪ್ಪಿಸಿ ಅವಳ ದೇಹದಿಂದ ಸಾಲ ತೆಗೆದಂತಾಯಿತು. ಅಂಬರೀಷನು ಗುಡಿಸಿದನು, ಹೆಂಡತಿಗೆ ಗುಡಿಸಲು ಹೇಳಲಿಲ್ಲ. ಬಾಳೆಕಂಬ ಕಟ್ಟುವುದು, ಮಾವಿನ ತೋರಣ ಏರಿಸುವುದು, ಪಾತ್ರೆ ಬೆಳಗುವುದು, ಪಾನಕಕ್ಕೆ ಬೆಲ್ಲ ಕುಟ್ಟುವುದು, ಬಂದವರು ಹೋದ ಮೇಲೆ ಜಮಖಾನೆ ಝಾಡಿಸಿ ಮಡಿಚುವುದು ಇವು ಗಂಡಸರ ಕೈಯಲ್ಲಿಯೂ ಸೇವೆಯೇ. ಸಮಯವೇ ಇಲ್ಲದ ವರ್ಷ ಎರಡೆಳೆ ರಂಗವಲ್ಲಿ, ಒಂದು ಮಾವಿನ ತೋರಣ ಸಾಕು. ಯಥಾಶಕ್ತಿಯೆಂಬ ಶಬ್ದದಲ್ಲಿ ಹಣವೊಂದೇ ಅಡಗಿಲ್ಲ, ಮೈಯ ಶಕ್ತಿಯೂ ಇದೆ.

ಬರುವ ಚೈತ್ರದಲ್ಲಿ ಗೌರಿಯನ್ನು ಕೂಡ್ರಿಸಿದವರು ಐದು ಜನ ಸುವಾಸಿನಿಯರನ್ನಾದರೂ ಕರೆಯಿರಿ. ಒಂದು ಪಾವು ಹೆಸರುಬೇಳೆಯ ಕೋಸಂಬರಿ, ಒಂದು ತಂಬಿಗೆ ಪಾನಕ, ಉಡಿಗೆ ಕಡಲೆ, ಇಷ್ಟಾದರೆ ಆಯಿತು. ಹೋಗುವವರು ಅಲಂಕಾರವಿಲ್ಲದ ಮನೆಗೆ ಮೊದಲು ಹೋಗಿರಿ, ಅಲ್ಲಿ ಗೋಡೆಯನ್ನು ನೋಡದೆ ತೊಟ್ಟಿಲನ್ನು ತೂಗಿರಿ, ಒಂದು ಹಾಡು ಹೇಳಿ, ಕುಳಿತು ಪಾನಕ ಕುಡಿದು ಬನ್ನಿರಿ. ಮಠದ ಮಹಿಳಾ ಭಜನಾ ಮಂಡಳಿಗಳು ಒಂದೊಂದು ಓಣಿಯ ಮನೆಗಳನ್ನು ಹಂಚಿಕೊಂಡು ಈ ಕಾರ್ಯವನ್ನು ನಡೆಸಬಹುದು. ಯಾರ ಮನೆಯ ಬಾಗಿಲು ಈಚೆಗೆ ಮುಚ್ಚಿದೆಯೆಂಬುದನ್ನು ಓಣಿಯ ಹಿರಿಯ ಹೆಂಗಸರೇ ಬಲ್ಲರು.

॥ ಶ್ರೀಕೃಷ್ಣಾರ್ಪಣಮಸ್ತು ॥