ಸಂತಾನಸಂಖ್ಯೆಯ ನಿರ್ಣಯ ಯಾರದು?

ನಮಸ್ಕರಿಸಿದ ನವವಧುವಿಗೆ 'ಅಷ್ಟಪುತ್ರವತೀ ಭವ' ಎಂದು ಹರಸುವುದು ನಮ್ಮ ಹಿರಿಯರ ವಾಡಿಕೆ. ಋಗ್ವೇದದ ಹತ್ತನೆಯ ಮಂಡಲದ ವಿವಾಹಸೂಕ್ತವಾದರೋ ಎಂಟಕ್ಕೂ ನಿಲ್ಲದೆ ಹತ್ತು ಪುತ್ರರನ್ನು ಇಂದ್ರನಲ್ಲಿ ಬೇಡುತ್ತದೆ. ಇಂದು ನಮ್ಮ ಮಠಕ್ಕೆ ಬರುವ ದಂಪತಿಗಳ ಜೊತೆಯಲ್ಲಿ ಒಂದೇ ಮಗುವನ್ನು ಕಂಡಾಗ ಹಿರಿಯರು ಕಲಿಯುಗವನ್ನು ಹಳಿಯುವುದುಂಟು. ನಾವೂ ಹಾಗೆ ಹಳಿದವರೇ. ಆದರೆ ಇದು ಧರ್ಮಲೋಪವೇ ಎಂಬುದನ್ನು ವಿಚಾರಿಸಿ ನೋಡಬೇಕು.

ನಮ್ಮ ಮನೆಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ರಾಯಚೂರಿನ ಸಮೀಪದ ಹಳ್ಳಿಯಲ್ಲಿ ನಮ್ಮ ತಾಯಿಯವರು ಏಳು ಮಕ್ಕಳನ್ನು ಹೆತ್ತರು, ಉಳಿದವರು ಐವರು. ನಮ್ಮ ಪತ್ನಿಗೆ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬಂತೆ ಇಬ್ಬರು. ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ಸೊಸೆಗೆ ಒಬ್ಬಳೇ ಮಗಳು. ಮೂರು ತಲೆಮಾರುಗಳಲ್ಲಿಯೂ ಗೋತ್ರ ಒಂದೇ, ಏಕಾದಶಿಯ ಉಪವಾಸ ಒಂದೇ, ದೇವರ ಪೆಟ್ಟಿಗೆಯೂ ಒಂದೇ. ಆದುದರಿಂದ ಸಂಖ್ಯೆಯ ವ್ಯತ್ಯಾಸಕ್ಕೆ ಕಾರಣವನ್ನು ಭಕ್ತಿಯ ಕೊರತೆಯಲ್ಲಿ ಹುಡುಕುವುದು ಯುಕ್ತವಲ್ಲ.

ಮೊದಲನೆಯ ಕಾರಣ ಶಿಶುಮರಣದ ಭಯ. ಶ್ರೀಮದಾಚಾರ್ಯರ ಅವತಾರಕ್ಕೆ ಮೊದಲು ಅವರ ತಂದೆತಾಯಿಗಳು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿದ್ದರೆಂಬುದನ್ನು ನಾವೆಲ್ಲ ಬಲ್ಲೆವು. ಹುಟ್ಟಿದ ಮಗು ಉಳಿದೀತೆಂಬ ಭರವಸೆಯಿಲ್ಲದ ಕಾಲದಲ್ಲಿ ಎಂಟು ಮಕ್ಕಳಾಗಲಿ ಎಂಬ ಹರಕೆಯಲ್ಲಿ ವಿವೇಕವಿತ್ತು. ಮಕ್ಕಳು ಉಳಿಯತೊಡಗಿದ ಮೇಲೆ ಆ ಸಂಖ್ಯೆಯ ಅಗತ್ಯವೂ ಕುಗ್ಗಿತು.

ಎರಡನೆಯದು ಪ್ರದೇಶ. ರೈಲ್ವೆ ಸೇವೆಯಲ್ಲಿ ನಾವು ವಾಡಿ, ಯಾದಗಿರಿ, ರಾಯಚೂರುಗಳ ನಡುವೆ ಬಹಳ ಸಂಚರಿಸಿದವರು. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 41 ಸ್ತ್ರೀಯರು ಮಾತ್ರ ಅಕ್ಷರಸ್ಥರು. ಅದೇ ಕರ್ನಾಟಕದ ದಕ್ಷಿಣ ಕನ್ನಡದಲ್ಲಿ ಸುಮಾರು 84. ಕರಾವಳಿಯಲ್ಲಿ ಕುಟುಂಬವು ಬೇಗನೆ ಕಿರಿದಾಯಿತು. ಕಲ್ಯಾಣ ಕರ್ನಾಟಕದಲ್ಲಿ ತಡವಾಯಿತು. ಶಾಲೆಗೆ ಹೋದ ಹುಡುಗಿಯ ಮದುವೆ ಮುಂದೆ ಹೋಗುತ್ತದೆ. ಆಸ್ಪತ್ರೆ ಹತ್ತಿರವಿದ್ದಲ್ಲಿ ಮಗು ಉಳಿಯುತ್ತದೆ. ಗಂಡುಸಂತಾನದ ಹಂಬಲ ಬಲವಾಗಿರುವಲ್ಲಿ ಹೆಣ್ಣುಮಕ್ಕಳ ಸಾಲು ಬೆಳೆಯುತ್ತದೆ. ದಕ್ಷಿಣ ಕರ್ನಾಟಕದ ಗ್ರಾಮಗಳಲ್ಲಿ ಅಧ್ಯಯನ ನಡೆಸಿದ ಕಾಲ್ಡ್‌ವೆಲ್ ದಂಪತಿಗಳೂ ಪಿ.ಎಚ್. ರೆಡ್ಡಿಯವರೂ 1980ರ ದಶಕದಲ್ಲಿ ಮತ್ತೊಂದು ಕಾರಣವನ್ನು ಎತ್ತಿ ತೋರಿಸಿದರು: ಹೊಲದಲ್ಲಿ ದುಡಿಯುತ್ತಿದ್ದ ಮಗು ಶಾಲೆಗೆ ಹೊರಟಾಗ ತಂದೆತಾಯಿಗಳ ಲೆಕ್ಕಾಚಾರವೇ ಬದಲಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 1992-93ರಲ್ಲಿ ಕರ್ನಾಟಕದ ಸ್ತ್ರೀಗೆ ಸರಾಸರಿ 2.9 ಮಕ್ಕಳು, 2019-21ರಲ್ಲಿ 1.7. ಅದೇ ಸಮೀಕ್ಷೆಯಲ್ಲಿ ತೆಲಂಗಾಣದ ಸರಾಸರಿ 1.8, ಬಿಹಾರದ್ದು 3.0. ಜನಸಂಖ್ಯೆ ಕುಗ್ಗದೆ ನಿಲ್ಲಲು ಬೇಕಾದದ್ದು ಸುಮಾರು 2.1. ಇಳಿಕೆಯು ಸಕಲ ಮತಗಳ, ಸಕಲ ಜಾತಿಗಳ ಮನೆಗಳಲ್ಲಿಯೂ ಆಗಿದೆ.

ಪ್ರಭುತ್ವದ ನಡೆಯನ್ನೂ ನೋಡಿರಿ. 1930ರಲ್ಲಿಯೇ ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಿತು. 1952ರಲ್ಲಿ ಕೇಂದ್ರ ಸರ್ಕಾರದ ಯೋಜನೆ ಬಂದಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಬಲಾತ್ಕಾರದ ಶಸ್ತ್ರಚಿಕಿತ್ಸೆಗಳು ನಡೆದವು. ಎರಡಕ್ಕಿಂತ ಹೆಚ್ಚು ಮಕ್ಕಳುಳ್ಳವರು ಪಂಚಾಯತಿ ಚುನಾವಣೆಗೆ ನಿಲ್ಲಬಾರದೆಂದು ಅವಿಭಕ್ತ ಆಂಧ್ರಪ್ರದೇಶವು 1994ರಲ್ಲಿ ವಿಧಿಸಿತು. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿಗಳಾದ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಪಡೆಯಿರೆಂದು ಕರೆ ನೀಡಿದರು; ನವೆಂಬರಿನಲ್ಲಿ ಅಲ್ಲಿನ ವಿಧಾನಸಭೆ ಆ ನಿರ್ಬಂಧವನ್ನು ತೆಗೆದುಹಾಕಿತು. ಮೂವತ್ತು ವರ್ಷಗಳಲ್ಲಿ 'ಬೇಡ' ಎಂಬುದು 'ಬೇಕು' ಎಂದಾಯಿತು. ಎರಡು ಸಲವೂ ಸಂಖ್ಯೆಯನ್ನು ಹೇಳಿದವರು ಬೇರೆ, ಹೆರುವವಳು ಬೇರೆ.

ಈ ಪ್ರಸಂಗದಲ್ಲಿ ಮಹಾಭಾರತದ ಆದಿಪರ್ವವು ಸ್ಮರಣಾರ್ಹ. ಧರ್ಮಜ, ಭೀಮ, ಅರ್ಜುನರು ಜನಿಸಿದ ಮೇಲೆ ಪಾಂಡುವು ಇನ್ನೂ ಸಂತಾನ ಬೇಕೆಂದಾಗ ಕುಂತಿಯು, ಆಪತ್ತಿನಲ್ಲಿಯೂ ನಾಲ್ಕನೆಯದನ್ನು ಪ್ರಾಜ್ಞರು ಒಪ್ಪರೆಂದು ನಿರಾಕರಿಸಿದಳು. ಅಲ್ಲಿನ ಸಂದರ್ಭ ದೇವತೆಗಳಿಂದ ಪಡೆಯುವ ಸಂತಾನದ್ದು, ನಮ್ಮ ಗೃಹಸ್ಥರದ್ದಲ್ಲ ಎಂಬುದನ್ನು ಮರೆತಿಲ್ಲ. ಆದರೂ ಪತಿಯು ಕೇಳಿದಾಗ ಪತಿವ್ರತೆಯು 'ಸಾಕು' ಎನ್ನಬಹುದೆಂಬುದು ಅಲ್ಲಿ ಸ್ಪಷ್ಟವಿದೆ. ನೂರ್ವರನ್ನು ಪಡೆದ ಗಾಂಧಾರಿಗೆ ಕೊನೆಗೆ ಒಬ್ಬ ಮಗನೂ ಉಳಿಯಲಿಲ್ಲ.

ಹಾಗಾದರೆ ಪಿತೃಋಣದ ಗತಿಯೇನು, ಅನುಷ್ಠಾನ ಮುಂದುವರಿಸುವವರು ಯಾರು ಎಂದು ಕೆಲವರು ಕೇಳುವರು. ಈ ಆತಂಕ ಹುರುಳಿಲ್ಲದ್ದಲ್ಲ, ನಮಗೂ ಇದೆ. ಆದರೆ ಬೃಹದಾರಣ್ಯಕವು ಪಂಡಿತೆಯಾದ ಮಗಳನ್ನು ಬಯಸುವವರಿಗೂ ವಿಧಿಯನ್ನು ಹೇಳಿದೆ. ಇರುವ ಒಬ್ಬ ಮಗಳಿಗೆ ಸ್ತೋತ್ರವನ್ನೂ ಅರ್ಥವನ್ನೂ ಕಲಿಸದೆ, ಇಲ್ಲದ ಎರಡನೆಯವನಿಗಾಗಿ ಕೊರಗುವುದು ಎಷ್ಟು ಸರಿ?

ಇನ್ನು ನಮ್ಮ ತಪ್ಪನ್ನು ನಿವೇದಿಸಬೇಕು. ಒಂದು ದ್ವಾದಶಿಯ ಪಾರಣೆಗೆ ಬಂದ ಬಂಧುಗಳ ಎದುರಿನಲ್ಲಿ ನಾವು ಸೊಸೆಗೆ, 'ಈ ಕೂಸಿಗೊಬ್ಬ ತಮ್ಮ ಬೇಡವೇನಮ್ಮ?' ಎಂದೆವು. ಆಕೆ ತಲೆ ತಗ್ಗಿಸಿ ಬಡಿಸಿದಳು. ಎಲ್ಲರೂ ಹೋದ ಮೇಲೆ ಮೆಲ್ಲನೆ, 'ಮಾವನವರೇ, ಅತ್ತೆಯವರು ಬಾಣಂತನಕ್ಕೆ ರಾಯಚೂರಿಗೆ ಹೋದಾಗ ಅಲ್ಲಿ ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಎಲ್ಲರೂ ಇದ್ದರಂತೆ. ನನಗೆ ಹೆರುವ ಹೆದರಿಕೆಯಿಲ್ಲ. ಕೆಲಸಕ್ಕೆ ಹೊರಟಾಗ ಕೂಸನ್ನು ಯಾರ ಕೈಯಲ್ಲಿ ಕೊಡಲಿ?' ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ನಿವೃತ್ತರಾಗಿ ಮನೆಯಲ್ಲಿಯೇ ಇದ್ದ ನಾವು ಬೆಳಗ್ಗೆ ಗ್ರಂಥಾವಲೋಕನ, ಸಂಜೆ ಪ್ರವಚನ ಎಂದುಕೊಂಡು, ಮೊಮ್ಮಗಳನ್ನು ಒಂದು ದಿನವೂ ಶಾಲೆಯಿಂದ ಕರೆತಂದವರಲ್ಲ. ತವರನ್ನು, ಬಂಧುಗಳನ್ನು ಬಿಟ್ಟು ಪರಊರಿಗೆ ಬಂದ ಹೆಣ್ಣುಮಗಳಿಗೆ ಆಸರೆಯನ್ನು ಕೊಡದೆ ಹರಕೆಯನ್ನು ಮಾತ್ರ ಕೊಟ್ಟಿದ್ದೆವು. ಇಂದು ಮಧ್ಯಾಹ್ನದ ಆ ಕೆಲಸ ನಮ್ಮದು. ಎರಡನೆಯ ಮಗುವಿನ ಮಾತನ್ನು ಆ ಬಳಿಕ ನಾವೆತ್ತಿಲ್ಲ. ಅದು ಆಕೆಯೂ ನಮ್ಮ ಮಗನೂ ಆಲೋಚಿಸಬೇಕಾದ ವಿಷಯ.

ಆದುದರಿಂದ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಮಠದ ಪಂಕ್ತಿಯಲ್ಲಾಗಲಿ ಮನೆಯಲ್ಲಾಗಲಿ 'ಇನ್ನೊಂದು ಯಾವಾಗ?' ಎಂದು ಕೇಳುವುದನ್ನು ಬಿಡೋಣ. ಕೇಳಿಸಿಕೊಂಡವಳು ಗರ್ಭ ನಿಲ್ಲದೆ ನೊಂದವಳಿರಬಹುದು. ಅದು ನಮಗೆ ಹೇಗೆ ತಿಳಿದೀತು? ಅದರ ಬದಲು 'ನಮ್ಮಿಂದೇನಾಗಬೇಕು ತಾಯಿ?' ಎಂದು ಕೇಳೋಣ. ಹರಸುವುದಾದರೆ 'ದೀರ್ಘಸುಮಂಗಲೀ ಭವ' ಎಂದು ಹರಸೋಣ. ಸಂಖ್ಯೆಯನ್ನು ಭಗವಂತನಿಗೂ ಆ ದಂಪತಿಗಳಿಗೂ ಬಿಡೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥