ಕ್ರಿಯಾಪದದ ಕೊನೆಯ ಸ್ವರ

ಸ್ಪ್ಯಾನಿಷ್‌ನಲ್ಲಿ ಕಾಂತಾರ್ ಎಂದರೆ ಹಾಡುವುದು. ನಮ್ಮ ಕಾಡಿಗೂ ಅದಕ್ಕೂ ನಂಟೇನಿಲ್ಲ, ಆದರೂ ಕನ್ನಡದ ಕಿವಿಗೆ ಆ ಸದ್ದು ಹಸಿರಾಗಿಯೇ ಬೀಳುತ್ತದೆ. ತುದಿಯ 'ಆರ್' ಕಳಚಿದರೆ ಉಳಿಯುವುದು 'ಕಾಂತ್' ಎಂಬ ಮೊಟಕು ಉಸಿರು, ಯಾರ ಬಾಯಿಗೂ ಯಾವ ಹೊತ್ತಿಗೂ ಇನ್ನೂ ಸೇರದ ಹಾಡು. ಅದಕ್ಕೆ 'ಒ' ತಾಗಿತೋ, ಹಾಡುತ್ತಿರುವುದು ನಾನು; 'ಆಸ್' ತಾಗಿದರೆ ನೀನು; 'ಆಮೊಸ್' ಎನ್ನುವಾಗ ತುಟಿ ಒಮ್ಮೆ ಮುಚ್ಚಿ ತೆರೆಯುವಷ್ಟರಲ್ಲಿ ನಾವೆಲ್ಲ ಕೂಡಿ ಹಾಡುತ್ತಿರುತ್ತೇವೆ. ಬರಿಯ 'ಆ' ಬಂದರೆ ಹಾಡುತ್ತಿರುವುದು ಅವನೋ ಅವಳೋ ತಿಳಿಯುವುದಿಲ್ಲ. ಹಾಡುತ್ತಾನೆ, ಹಾಡುತ್ತಾಳೆ ಎಂದು ಗುರುತು ಕೊಟ್ಟೇ ಮಾತು ಮುಗಿಸುವ ನಮಗೆ ಈ 'ಕಾಂತಾ' ಮುಚ್ಚಿದ ಬಾಗಿಲಾಚೆಯಿಂದ ತೇಲಿಬರುವ ದನಿಯ ಹಾಗೆ ಕೇಳಿಸುತ್ತದೆ.

ಕಲಿಯುವವರ ಬಾಯಲ್ಲಿ ಹೆಚ್ಚಾಗಿ ಓಡಾಡುವುದು ನಿಯಮ ಮೀರುವ ಕ್ರಿಯಾಪದಗಳ ಸುದ್ದಿ. ಇರುವ ಸೆರ್, ಹೋಗುವ ಈರ್, ಎಡೆಬಿಡದೆ ಬಳಕೆಯಾಗುತ್ತಲೇ ತಮ್ಮ ಹಳೆಯ ವಕ್ರತೆಯನ್ನು ಉಳಿಸಿಕೊಂಡ ಇಂಥವುಗಳಿಗೆ ಚೆಲುವಿಲ್ಲವೆಂದಲ್ಲ. ನನ್ನನ್ನು ಸುಮ್ಮನಾಗಿಸುವುದು ಮಾತ್ರ ತಂಟೆಯಿಲ್ಲದ ಉಳಿದ ಸಾವಿರಾರು, ಆರ್, ಏರ್, ಈರ್ ಎಂಬ ಮೂರು ಗಣಗಳಲ್ಲಿ ಒಂದಕ್ಕೆ ಸೇರಿಕೊಂಡು ತಮ್ಮ ಪಾಡಿಗೆ ಹೊರಳುವವು. ಲ್ಯಾಟಿನ್‌ನಲ್ಲಿ ಗಣಗಳು ನಾಲ್ಕಿದ್ದವು. ಮಾತಾಡುತ್ತ ಮಾತಾಡುತ್ತ ನಡುವಿನ ಎರಡು ಬಹುಮಟ್ಟಿಗೆ ಬೆರೆತವು, ಕೆಲವು ಪದಗಳು ಗಣ ಬದಲಿಸಿದವು, ಯಾರೂ ಕೂತು ತೀರ್ಮಾನಿಸಲಿಲ್ಲ. 1492ರಲ್ಲಿ ಆಂತೋನಿಯೊ ದೆ ನೆಬ್ರಿಹಾ ಸಾಲಮಾಂಕಾದಲ್ಲಿ ತನ್ನ ಕಸ್ತೀಲಿಯನ್ ವ್ಯಾಕರಣವನ್ನು ಅಚ್ಚು ಹಾಕಿಸುವ ಹೊತ್ತಿಗೆ, ಕುರಿ ಕಾಯುವವರೂ ಹಿಟ್ಟು ನಾದುವವರೂ ತೊಟ್ಟಿಲು ತೂಗುವವರೂ ಈ ಪ್ರತ್ಯಯಗಳನ್ನು ನೂರಾರು ವರ್ಷ ನಾಲಿಗೆಯ ಮೇಲೆ ಹೊರಳಿಸಿ ನಯ ಮಾಡಿಟ್ಟಿದ್ದರು.

ಎಷ್ಟು ನಯವೆಂದರೆ, ಅಕ್ಷರ ಬದಲಾಗದೆಯೂ ಕಾಲ ಬದಲಾಗುತ್ತದೆ. ಒತ್ತು ಮೊದಲ ಅಕ್ಷರದ ಮೇಲಿದ್ದರೆ ಕಾಂತೊ, ನಾನು ಹಾಡುತ್ತೇನೆ. ಅದೇ ಒತ್ತು ಕೊನೆಗೆ ಜಾರಿ ಕಾಂತೋ ಆಯಿತೆಂದರೆ, ಅವಳು ಹಾಡಿದಳು, ಹಾಡು ಆಗಲೇ ಮುಗಿದಿದೆ. ಬರಹದಲ್ಲಿ ಒಂದು ಓರೆಗೀಟು, ಬಾಯಲ್ಲಿ ದನಿಯ ಒಂದು ಸಣ್ಣ ಏರು, ಅಷ್ಟರಲ್ಲೇ ನಾನಿದ್ದ ಜಾಗದಲ್ಲಿ ಇನ್ನೊಬ್ಬರು, ಈಗ ಇದ್ದ ಜಾಗದಲ್ಲಿ ಆಗ. ಸ್ವರ ಎಳೆದರೆ ಅರ್ಥ ಬದಲಾಗುವುದನ್ನು ಬಲ್ಲ ಕನ್ನಡದ ನಾಲಿಗೆ, ಒತ್ತಿದರೂ ಬದಲಾಗುತ್ತದೆಂಬುದನ್ನು ಇಲ್ಲಿ ಮೆಲ್ಲಗೆ ಕಲಿಯುತ್ತದೆ. ಇನ್ನು ಬದುಕುವ 'ಬಿಬೀರ್'ನಲ್ಲಿ ಆ ಏರೂ ಇಲ್ಲ. ಬಿಬೀಮೊಸ್ ಎಂದರೆ ನಾವು ಬದುಕುತ್ತೇವೆ, ಬಿಬೀಮೊಸ್ ಎಂದರೆ ನಾವು ಬದುಕಿದೆವು. ಎರಡಕ್ಕೂ ಒಂದೇ ರೂಪ, ಹಿಂದೆ ಮುಂದೆ ಇರುವ ಮಾತುಗಳೇ ಯಾವುದೆಂದು ಹೇಳಬೇಕು. ವ್ಯಾಕರಣದ ಕೋಷ್ಟಕದಲ್ಲಿ ಎರಡು ಬೇರೆ ಮನೆಗಳಲ್ಲಿ ಅದೇ ಪದ ಕೂತಿರುವುದನ್ನು ನೋಡುತ್ತ ಎಷ್ಟೋ ಹೊತ್ತು ಪುಟ ತಿರುವಲಾಗುವುದಿಲ್ಲ.

ಭವಿಷ್ಯತ್ತಿನ ಕಥೆ ಇನ್ನೂ ಆಳದ್ದು. 'ಕಾಂತಾರೇ', ಹಾಡುವೆನು, ಎಂಬುದರ ಕೊನೆಯ 'ಏ' ಒಂದಾನೊಂದು ಕಾಲದಲ್ಲಿ ಪ್ರತ್ಯಯವೇ ಅಲ್ಲ, ತುಂಬು ಪದ. ಜನ 'ಕಾಂತಾರೆ ಹಾಬೆಯೊ' ಎನ್ನುತ್ತಿದ್ದರು. ಮಂಗಳೂರಿನ ಕಡೆಯವರು 'ನನಗೆ ಹಾಡ್ಲಿಕ್ಕುಂಟು' ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಭಾವ. ಆ 'ಉಂಟು' ಸವೆದು ಸವೆದು ಒಂದು ಸ್ವರವಾಗಿ ಧಾತುವಿಗೆ ಅಂಟಿಕೊಂಡಿತು. ಇಂದಿಗೂ ಮೂರೂ ಗಣಗಳಿಗೆ ನಾಳೆಯ ಪ್ರತ್ಯಯ ಒಂದೇ. ಸೆರ್, ಈರ್‌ಗಳಂಥ ಪುಂಡರು ಕೂಡ ಭವಿಷ್ಯತ್ತಿಗೆ ಬಂದಾಗ ಸೆರೇ, ಈರೇ ಎಂದು ತಲೆಬಾಗಿ ಸಾಲಿಗೆ ಸೇರುತ್ತಾರೆ.

ನಡೆದದ್ದು, ನಡೆಯುವುದು ಬಿಟ್ಟು ನಡೆಯಲೆಂದು ಬಯಸುವುದಕ್ಕೂ ಒಂದು ರೂಪವಿದೆ. ಅಲ್ಲಿ ಸ್ವರಗಳು ತಾವು ತಾವೇ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ: ಹಾಡುವ 'ಕಾಂತಾ' ಹಾಡಲೆನ್ನುವ 'ಕಾಂತೆ' ಆಗುತ್ತದೆ, ತಿನ್ನುವ 'ಕೋಮೆ' ತಿನ್ನಲೆನ್ನುವ 'ಕೋಮಾ'. ಈ ರೂಪದ ಮುಂದೆ ಸ್ಪ್ಯಾನಿಷರು 'ಓಹಲಾ' ಎಂಬ ಪದ ಇಡುತ್ತಾರೆ. ಮುಸ್ಲಿಂ ಆಳ್ವಿಕೆಯ ಸ್ಪೇನಿನ ಅರಬ್ಬಿಯಿಂದ ಬಂದದ್ದು, ದೇವರು ಮನಸ್ಸು ಮಾಡಿದರೆ ಎಂಬ ಮೂಲದ್ದು. ಓಹಲಾ ಕಾಂತೆ. ಅವಳು ಹಾಡಲಿ. ದೇವರನ್ನು ನೆನೆಯದವರ ಬಾಯಲ್ಲೂ ಅರಬ್ಬಿಯ ಆ ಅಲ್ಲಾ, ಅದರ ಹಿಂದೆಯೇ ಲ್ಯಾಟಿನ್‌ನ ಆ ಎಳೆಯ 'ಎ', ಒಂದೇ ಉಸಿರಿನಲ್ಲಿ ಕೂಡಿ ಬರುತ್ತವೆ.

ಹೊಸ ಪದಗಳಿಗೂ ಈ ಮನೆ ತೆರೆದೇ ಇದೆ. ಚಾಟ್ ಮಾಡುವುದು ಚಾತೆಯಾರ್, ಟ್ವೀಟ್ ಮಾಡುವುದು ತುಯಿತೆಯಾರ್. ನಿನ್ನೆ ಮೊನ್ನೆಯ ಈ ಪದಗಳು ಹುಟ್ಟುತ್ತಲೇ 'ಆರ್' ಗಣಕ್ಕೆ ಸೇರಿ, ರೋಮಿನವರು 'ಕಾಂತಾಬಾಮ್' ಎನ್ನುತ್ತಿದ್ದ ಆ ಭೂತಕಾಲದ ಬಾಲವನ್ನೇ ಪಡೆದು ಚಾತೆಯಾಬಾ ಎಂದು ಉಲಿಯುತ್ತವೆ. ಇದನ್ನೆಲ್ಲ ಯಾರೂ ಹೇಳಿಕೊಡದೆಯೇ ಮಕ್ಕಳಿಗೆ ತಿಳಿದಿರುತ್ತದೆ. ನನಗೆ ಗೊತ್ತು ಎನ್ನಲು ದೊಡ್ಡವರು ವಕ್ರವಾಗಿ 'ಸೇ' ಎಂದರೆ, ಪುಟ್ಟ ಮಕ್ಕಳು ನೇರ ನಿಯಮದ ಹಾದಿ ಹಿಡಿದು, ಯಾರ ಬಾಯಲ್ಲೂ ಕೇಳದ 'ಸಾಬೊ' ಎಂಬ ರೂಪವನ್ನು ತಾವೇ ಕಟ್ಟಿಕೊಳ್ಳುತ್ತವೆ. ಮನೆಯವರು ನಕ್ಕು ತಿದ್ದುತ್ತಾರೆ. ಮಗು ಕೇಳಿಸಿಕೊಂಡು, ತಲೆಯಾಡಿಸಿ, ಮತ್ತೆ ಸಾಬೊ ಎನ್ನುತ್ತದೆ.