ಇಂದಿನ ಧಮ್ಮ ಚಿಂತನೆ: ಭಾಗ ಹೊಸದು, ಹೊಣೆ ಹಳೆಯದು



1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಕೊಟ್ಟಿತು. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ಮನೆಗೂ ಶಾಲೆಗೂ ಆಗುವಂತೆ ತಯಾರಿಸಿದ ಯಂತ್ರ ಅದು. ಮೆಮೊರಿ ಬರೀ 32 ಕೆಬಿ. ನಾವು ದಿನಾ ಫಾರ್ವರ್ಡ್ ಮಾಡುವ ಒಂದು ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸದು.

ಅದನ್ನು ಇಂದಿಗೂ ಓಡಿಸುವ ಹವ್ಯಾಸಿಗಳಿದ್ದಾರೆ. ಹೊಗೆ ಬಿಡುವ ಹಳೆ ಕೆಪಾಸಿಟರ್ ತೆಗೆದು ಹೊಸದನ್ನು ಬೆಸೆಯುತ್ತಾರೆ. ಇನ್ನಷ್ಟು ಮೆಮೊರಿ ಚಿಪ್ ಕೂರಿಸುತ್ತಾರೆ. ಫ್ಲಾಪಿ ಡ್ರೈವಿನ ಬದಲು ಪುಟ್ಟ ಮೆಮೊರಿ ಕಾರ್ಡ್ ಹಾಕುತ್ತಾರೆ. ಇಷ್ಟೆಲ್ಲ ಬದಲಾದ ಮೇಲೂ ಅದು ಅದೇ ಕಂಪ್ಯೂಟರೇ?

ನಮ್ಮ ಕಡೆ ಇದು ಹೊಸ ಪ್ರಶ್ನೆಯೇನಲ್ಲ. ಪಾಂಡವಪುರದ ಕಾರ್ಖಾನೆಗೋ ಕೆ.ಆರ್.ಪೇಟೆ ಕಡೆಯ ಆಲೆಮನೆಗೋ ಕಬ್ಬು ಹೊತ್ತ ಗಾಡಿಯನ್ನು ನೆನೆಯಿರಿ. ಮರದ ಚಕ್ರ ಹೋಗಿ ಟೈರ್ ಬಂತು, ಮೂಕಿ ಬದಲಾಯಿತು, ನೊಗ ಬದಲಾಯಿತು. ಆದರೂ ಅದು 'ಅಪ್ಪನ ಕಾಲದ ಗಾಡಿ'ಯೇ.

'ಮಿಲಿಂದ ಪನ್ಹ'ದಲ್ಲಿ ಭಂತೆ ನಾಗಸೇನರು ರಾಜ ಮಿಲಿಂದನಿಗೆ ರಥವನ್ನೇ ತೋರಿಸಿ ಹೀಗೆ ಕೇಳುತ್ತಾರೆ. ಚಕ್ರವೂ ರಥವಲ್ಲ, ಅಚ್ಚೂ ರಥವಲ್ಲ. ಎಲ್ಲ ಕೂಡಿದಾಗ ನಾವು ಕರೆಯುವ ಹೆಸರು ರಥ. 'ನಾನು' ಎಂಬುದೂ ಅಂಥದೇ ಹೆಸರು.

ಆದರೆ ಮಾತು ಇಲ್ಲಿಗೇ ನಿಂತರೆ ಅಪಾಯ. 'ಎಲ್ಲವೂ ಅನಿತ್ಯ, ಅಂದು ಸಾಲ ಮಾಡಿದವನು ಬೇರೆ, ಇಂದಿನ ನಾನು ಬೇರೆ' ಎಂದು ಯಾರಾದರೂ ಹೇಳಬಹುದಲ್ಲ? ಅದಕ್ಕೇ ಅದೇ ಗ್ರಂಥದಲ್ಲಿ ಮಾವಿನ ಕಳ್ಳನೂ ಬರುತ್ತಾನೆ. ತೋಟದವನು ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ ಎಂಬುದು ಅವನ ವಾದ. ಆ ವಾದ ನಿಲ್ಲುವುದಿಲ್ಲ. ಆ ವಾಟೆ ಇಲ್ಲದೆ ಈ ಹಣ್ಣೆಲ್ಲಿ?

ಹಳೆ ಕಂಪ್ಯೂಟರೂ ಇದನ್ನೇ ಹೇಳುತ್ತದೆ. ಹೊಸ ಕಾರ್ಡ್‌ನಲ್ಲಿ ನೂರಾರು ಫ್ಲಾಪಿಯ ಸರಕು ಹಿಡಿಸಬಹುದು. ಆದರೆ ಹಳೆ ಪ್ರೋಗ್ರಾಂ ಕೇಳಿದಾಗ ಹಳೆ ಫ್ಲಾಪಿ ಏನು ಕೊಡುತ್ತಿತ್ತೋ ಅದನ್ನೇ ಅದೂ ಕೊಡಬೇಕು. ಹಳೆಯದರ ಜಾಗದಲ್ಲಿ ಕೂತ ಮೇಲೆ ಹಳೆಯದರ ಹೊಣೆಯನ್ನೂ ಹೊರಬೇಕು. ಹೊರದಿದ್ದರೆ ಅದು ಸುಧಾರಣೆಯಲ್ಲ.

ಮನುಷ್ಯರ ವಿಷಯವೂ ಹೀಗೆಯೇ. ಕುಡಿತ ಬಿಟ್ಟವನನ್ನು ಇನ್ನೂ 'ಕುಡುಕ' ಎಂದೇ ಕರೆಯುವುದು ಅನ್ಯಾಯ. ಆರನೇ ತರಗತಿಯಲ್ಲಿ 'ದಡ್ಡಿ' ಎನಿಸಿಕೊಂಡ ಹುಡುಗಿಯನ್ನು ಪಿಯುಸಿಗೆ ಬಂದ ಮೇಲೂ ಹಾಗೇ ನೋಡುವುದು ಅನ್ಯಾಯ. ಬದಲಾಗುವುದು ಅವರ ಹಕ್ಕು. ಹಾಗೆಯೇ, ಕುಡಿತ ಬಿಟ್ಟವನು ಅಂದು ಅಡವಿಟ್ಟ ಹೆಂಡತಿಯ ಓಲೆಯನ್ನು ಬಿಡಿಸಿಕೊಡದೆ 'ನಾನೀಗ ಹೊಸ ಮನುಷ್ಯ' ಎಂದರೆ ಅದೂ ಅನ್ಯಾಯವೇ. ಅವನು ಅದೇ ಮನುಷ್ಯನೂ ಅಲ್ಲ, ಪೂರ್ತಿ ಬೇರೆಯವನೂ ಅಲ್ಲ.

ಇಂದು ಎರಡು ಕೆಲಸ ಮಾಡೋಣ. ಯಾರಿಗಾದರೂ ನಾವು ಅಂಟಿಸಿರುವ ಹಳೆ ಹೆಸರೊಂದನ್ನು ಕಿತ್ತುಹಾಕೋಣ. ನಮ್ಮ ಹಳೆ ಬಾಕಿಯಲ್ಲಿ ಒಂದನ್ನಾದರೂ ತೀರಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏